ಸರ್ಪದಂಶವೂ ಪ್ರಥಮ ಚಿಕಿತ್ಸೆಯೂ

ಕೊಡಗಿನಲ್ಲಿ ಕಕ್ಕಡ ಮಾಸವೆಂದರೆ ನಾಟಿಯ ಕಾಲ. ಜಡಿಮಳೆಯಲ್ಲಿ ರೈತನು ಬರಿಗಾಲಿನಿಂದ ಗದ್ದೆಯ ಏರಿಯ ಮೇಲೆ ನಡೆಯುತ್ತಾನೆ. ಬಿಲಕ್ಕೆ ನೀರು ನುಗ್ಗಿದ ಹಾವೂ ಅದೇ ಏರಿಯನ್ನು ಆಶ್ರಯಿಸುತ್ತದೆ. ಕಾಫಿಯ ತೋಟದಲ್ಲಿ ತರಗೆಲೆಯ ನಡುವೆ ಕೈಯಿಡುವ ಕೆಲಸಗಾರನ ಪಾಡೂ ಇದೇ. ಆ ನಾಡಿನ ದೇವರಕಾಡುಗಳಲ್ಲಿ ನಾಗನಿಗೆ ಪೂಜೆ ಸಲ್ಲುತ್ತದೆ. ಆದರೆ ಪೂಜೆಯ ಮಾತು ಬೇರೆ, ಪ್ರಾಣರಕ್ಷಣೆಯ ಮಾತು ಬೇರೆ. ಹಾವು ಕಚ್ಚಿದ ಕ್ಷಣದಿಂದ ವೈದ್ಯನ ಕೈ ಸೇರುವವರೆಗೆ ಬಳಿಯಲ್ಲಿದ್ದವರು ಏನು ಮಾಡತಕ್ಕದ್ದು? ಈ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯನ್ನು ಕೊಂಚ ಪರಿಶೀಲಿಸೋಣ.

ಗಾಯದ ಮೇಲ್ಭಾಗದಲ್ಲಿ ಹಗ್ಗ ಬಿಗಿಯುವುದು, ಕುಯ್ಯುವುದು, ಬಾಯಿಂದ ಹೀರುವುದು, ವಿಷಕಲ್ಲನ್ನು ಅಂಟಿಸುವುದು, ಮಂತ್ರ ಹಾಕಿಸುವುದು: ಇವು ಬಹುಕಾಲದಿಂದ ಬಂದ ಕ್ರಮಗಳು. ಇವು ನಮ್ಮ ಹಳ್ಳಿಗರ ಕಲ್ಪನೆ ಮಾತ್ರವೆಂದು ತಿಳಿಯಬಾರದು. ಕಲ್ಕತ್ತೆಯಲ್ಲಿದ್ದ ಜೋಸೆಫ್ ಫೇಯರರ್ ಎಂಬ ವೈದ್ಯನು ಅಂದಿನ ಹೆಸರಾಂತ ಮದ್ದುಗಳನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ, 1872ರಲ್ಲಿ ಭಾರತದ ವಿಷಸರ್ಪಗಳನ್ನು ಕುರಿತ ಬೃಹದ್‌ಗ್ರಂಥವನ್ನು ಪ್ರಕಟಿಸಿದನು. ನಂಬತಕ್ಕ ಪ್ರತ್ಯೌಷಧವೊಂದೂ ಅವನಿಗೆ ದೊರೆಯಲಿಲ್ಲ. 1904ರಲ್ಲಿ ಲಾಡರ್ ಬ್ರಂಟನ್, ಫೇಯರರ್, ಲಿಯೊನಾರ್ಡ್ ರಾಜರ್ಸ್ ಎಂಬ ಮೂವರು ಹೊಸದೊಂದು ಉಪಾಯವನ್ನು ಸೂಚಿಸಿದರು: ಗಾಯವನ್ನು ಕುಯ್ದು ಪೊಟಾಸಿಯಂ ಪರ್ಮಾಂಗನೇಟಿನ ಹರಳನ್ನು ತಿಕ್ಕುವುದು. ಇದಕ್ಕೆಂದೇ ಅಲಗನ್ನೂ ಹರಳನ್ನೂ ಒಂದೇ ಹಿಡಿಯಲ್ಲಿ ಅಡಗಿಸಿದ ಪುಟ್ಟ ಉಪಕರಣವೊಂದು ಬಳಕೆಗೆ ಬಂತು. ಕಾಲಕ್ರಮದಲ್ಲಿ ಅದೂ ನಿರರ್ಥಕವೆಂದು ತಿಳಿಯಿತು.

ಹಾಗಾದರೆ ಇವುಗಳಲ್ಲಿ ಜನಕ್ಕೆ ನಂಬಿಕೆ ಹುಟ್ಟಿದುದೇಕೆ? ಕಚ್ಚುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಬಾರಿ ವಿಷವಿಳಿಸದೆ ಕಚ್ಚುವುದುಂಟು. ಅಂಥವರು ಏನೂ ಮಾಡದಿದ್ದರೂ ಬದುಕುತ್ತಿದ್ದರು. ಕೀರ್ತಿ ಮಾತ್ರ ಕಲ್ಲಿಗೂ ಮಂತ್ರಕ್ಕೂ ಸಂದಿತು.

ನಿಜವಾದ ಮದ್ದು ಬಂದುದು 1890ರ ದಶಕದಲ್ಲಿ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲಾದವರು ಪ್ರಾಣಿಗಳಿಗೆ ಸ್ವಲ್ಪಸ್ವಲ್ಪವಾಗಿ ವಿಷವನ್ನು ಕೊಟ್ಟು, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಪಡೆದರು. ಇಂದು ನಮ್ಮ ದೇಶದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಸಲ್ಲುತ್ತದೆ. ಪಶ್ಚಿಮ ಘಟ್ಟದಲ್ಲಿರುವ, ಮೂಗು ಮೇಲಕ್ಕೆ ಬಾಗಿದ ಒಂದು ಬಗೆಯ ಗುಳಿಮಂಡಲದ ವಿಷಕ್ಕೆ ಇದು ಸಲ್ಲದು. ಕೊಡಗಿನವರು ಇದನ್ನು ಅರಿತಿರುವುದು ಲೇಸು.

ಮದ್ದು ಆಸ್ಪತ್ರೆಯಲ್ಲಿದೆ, ಆದಕಾರಣ ಪ್ರಥಮ ಚಿಕಿತ್ಸೆಯ ಗುರಿ ವಿಷವನ್ನು ತೆಗೆಯುವುದಲ್ಲ, ರೋಗಿಯನ್ನು ಬೇಗ ಅಲ್ಲಿಗೆ ಮುಟ್ಟಿಸುವುದು. ಮಂಡಲದ ವಿಷವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಆದ್ದರಿಂದ ಕುಯ್ದ ಗಾಯದಿಂದ ರಕ್ತ ನಿಲ್ಲದೆ ಹರಿದೀತು. ಬಿಗಿದ ಕಟ್ಟಿನಿಂದ ಅಂಗವೇ ಕೊಳೆತೀತು. ನಾಗರ ಮತ್ತು ಕಟ್ಟುಹಾವುಗಳ ವಿಷವು ನರಗಳನ್ನು ಜಡಗೊಳಿಸಿ ಉಸಿರನ್ನೇ ನಿಲ್ಲಿಸಬಲ್ಲುದು. ಅಂಥ ಸಮಯದಲ್ಲಿ ಮಂತ್ರವಾದಿಯ ಮನೆಗೆ ಅಲೆದ ಒಂದು ಗಂಟೆ ಪ್ರಾಣಕ್ಕೆ ಸಮಾನ.

ಮಾಡಬೇಕಾದುದು ಇಷ್ಟೇ. ರೋಗಿಗೆ ಧೈರ್ಯ ಹೇಳಿರಿ. ಬಳೆ, ಉಂಗುರ, ಕಾಲ್ಗಡಗಗಳನ್ನು ಊತ ಬರುವ ಮುನ್ನವೇ ತೆಗೆಯಿರಿ. ಕಚ್ಚಿದ ಅಂಗಕ್ಕೆ ದಬ್ಬೆಯನ್ನು ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿರಿ. ನಡೆಯಗೊಡದೆ ಹೊತ್ತು ಸಾಗಿಸಿರಿ. ವಾಂತಿಯಾದರೆ ಮಗ್ಗುಲಾಗಿ ಮಲಗಿಸಿರಿ. ಕಚ್ಚಿದ ವೇಳೆಯನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಿರಿ. ಹಾವನ್ನು ಅಟ್ಟಿಹೋಗಿ ಕೊಲ್ಲುವ ಸಾಹಸ ಬೇಡ. ಅದರಿಂದ ಎರಡನೆಯ ಕಡಿತವಾದೀತು.

2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿತು. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜೂ ಇದೆ. ಸರ್ಕಾರ ಎಚ್ಚೆತ್ತಿದೆ, ಮದ್ದೂ ಇದೆ. ಆದರೆ ಕಣಿವೆಯ ಗದ್ದೆಯಿಂದ ಆಸ್ಪತ್ರೆಯ ಬಾಗಿಲವರೆಗಿನ ದಾರಿ ನೆರೆಹೊರೆಯವರ ಕೈಯಲ್ಲಿದೆ. ಆ ಕೈಗೆ ಅಲಗೂ ಬೇಡ, ಹಗ್ಗವೂ ಬೇಡ. ತಾಳ್ಮೆಯೂ ತ್ವರೆಯೂ ಸಾಕು.