ಡೊಂಬಿವಲಿ, ಥಾಣೆ ಕನ್ನಡಿಗರ ಅಡ್ಡಹೆಸರು: ಯಾವುದರ ಅರ್ಥ ಏನು?

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈಗಳಲ್ಲಿ 'ಕುಲಕರ್ಣಿ' ಎಂದ ಮಾತ್ರಕ್ಕೆ ಮನೆಮಾತು ಕನ್ನಡವೋ ಮರಾಠಿಯೋ ತಿಳಿಯದು. ಕುಲಕರ್ಣಿ ಎಂದರೆ ಊರಿನ ಲೆಕ್ಕಪತ್ರ ಬರೆಯುವವರು. ಪಾಟೀಲ, ಊರ ಮುಖ್ಯಸ್ಥ. ದೇಸಾಯಿ, ಪರಗಣೆಯ ಕಂದಾಯ ಅಧಿಕಾರಿ. ಈ ಹುದ್ದೆಗಳು ಉತ್ತರ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಇದ್ದವು.

ಕರಾವಳಿಯಿಂದ ಬಂದವರ ಹೆಸರುಗಳ ದಾರಿ ಬೇರೆ. ಶೆಟ್ಟಿ 'ಶ್ರೇಷ್ಠಿ' ಪದದಿಂದ ಬಂದದ್ದು. ಕೋಟ್ಯಾನ್, ಸಾಲ್ಯಾನ್, ಬಂಗೇರ, ಸುವರ್ಣ ಇವು 'ಬರಿ', ಅಂದರೆ ತುಳುವರ ಕುಲದ ಹೆಸರುಗಳು. ಬಿಲ್ಲವರು, ಮೊಗವೀರರು ಇಬ್ಬರಲ್ಲೂ ಇವೆ.

ಅಳಿಯಕಟ್ಟಿನ ಪ್ರಕಾರ ಬರಿ ಬರುವುದು ತಾಯಿಯಿಂದ. ಒಂದೇ ಬರಿಯವರ ನಡುವೆ ಮದುವೆ ಕೂಡದು. ಆದರೆ ಮಹಾರಾಷ್ಟ್ರದ ರೂಢಿಯಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಬಳಿಕ ತಂದೆಯ ಅಡ್ಡಹೆಸರು. ಹೀಗಾಗಿ ಅನೇಕ ಮಕ್ಕಳ ಶಾಲಾ ದಾಖಲೆಯಲ್ಲಿರುವುದು ತಂದೆಯ ಬರಿ. ಸಂಬಂಧ ನೋಡುವಾಗ ಕೇಳುವುದು ತಾಯಿಯದು.

2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ತಂದೆಯ ಹೆಸರಿಗಿಂತ ಮೊದಲು ತಾಯಿಯ ಹೆಸರು ಬರೆಯುವುದನ್ನು ಮಹಾರಾಷ್ಟ್ರ ಸರ್ಕಾರ ಕಡ್ಡಾಯಗೊಳಿಸಿದೆ. ತಾಯಿಯ ಹೆಸರೇನೋ ಕಾಗದಕ್ಕೆ ಬಂತು. ಆಕೆಯ ಬರಿಯನ್ನು ಮಾತ್ರ ಮನೆಯ ಹಿರಿಯರೇ ಮಕ್ಕಳಿಗೆ ಹೇಳಿಕೊಡಬೇಕು.