‘ಬೈ’ ಬಟನ್ ಒತ್ತಿದ್ರೆ ಗೇಮ್ ನಮ್ಮದಾಗುತ್ತಾ? ಒಂದು ಪದದ ನೂರು ವರ್ಷದ ಜಗಳ

(ಈ ವಾರದ ಎಪಿಸೋಡ್‌ನ ಬರಹ ರೂಪ)



ಇವತ್ತು ಒಂದು ರಟ್ಟಿನ ಡಬ್ಬದಿಂದ ಶುರು ಮಾಡ್ತೀನಿ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ಸೋದರಮಾವನ ಮಗ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೊರಟ. ಹೋಗೋ ಹಿಂದಿನ ದಿನ ತನ್ನ ಗೇಮ್ ಡಿಸ್ಕ್‌ಗಳನ್ನೆಲ್ಲ ಒಂದು ಡಬ್ಬಕ್ಕೆ ತುಂಬಿ ನನ್ನ ಕೈಗಿಟ್ಟು, "ಗೀರು ಬೀಳಿಸ್ಬೇಡ ಕಣೋ" ಅಂದ. ಅಷ್ಟೇ. ಯಾವ ಕಂಪನಿಯನ್ನೂ ಕೇಳಲಿಲ್ಲ, ಯಾವ ಫಾರ್ಮ್‌ಗೂ ಸಹಿ ಹಾಕಲಿಲ್ಲ. ಅವನದಾಗಿದ್ದಿದ್ದು ನನ್ನದಾಯ್ತು.

ಹೋದ ತಿಂಗಳು ಚಿಕ್ಕಪ್ಪನ ಮಗಳು ಮನೆಗೆ ಬಂದಿದ್ಲು. ಅವಳದೂ ಈಗ ಪಿಯುಸಿ. "ಅಣ್ಣಾ, ನೀನು ಹೇಗೂ ಆಡಲ್ಲ, ನಿನ್ನ ಗೇಮ್ ಎಲ್ಲ ನಂಗೆ ಕೊಟ್ಬಿಡು" ಅಂದ್ಲು. ಅಕೌಂಟ್ ತೆಗೆದು ನೋಡಿದೆ. 43 ಗೇಮ್. ಎಲ್ಲಕ್ಕೂ ನನ್ನ ಸಂಬಳದ ದುಡ್ಡು ಕೊಟ್ಟಿದ್ದೀನಿ. ಆದ್ರೆ ಕೊಡೋಕೆ ದಾರಿನೇ ಇಲ್ಲ. ಮನೆಯವರ ಜೊತೆ ಹಂಚ್ಕೊಂಡು ಆಡೋ ಸೌಲಭ್ಯ ಕೆಲವು ಕಡೆ ಇದೆ, ನಿಜ. ಆದ್ರೆ ಅದು ಆಡೋಕೆ ಬಿಡೋದು, ಕೊಡೋದಲ್ಲ.

ನಾನು ಬಿ.ಕಾಂ ಓದಿದವನು. ಬಿಸಿನೆಸ್ ಲಾ ಪೇಪರ್‌ನಲ್ಲಿ 1930ರ ಸರಕು ಮಾರಾಟ ಕಾಯ್ದೆ ಇರುತ್ತೆ. ಅದರ ಪ್ರಕಾರ ಮಾರಾಟ ಅಂದ್ರೆ ಏನು? ಬೆಲೆ ತಗೊಂಡು ಸರಕಿನ ಮಾಲೀಕತ್ವವನ್ನ ಕೊಳ್ಳುವವನಿಗೆ ವರ್ಗಾಯಿಸೋದು. ಐದು ಮಾರ್ಕಿಗೆ ಬಾಯಿಪಾಠ ಮಾಡಿದ್ದೆ. ಬೆಲೆ ಅಂತೂ ಕೊಟ್ಟಿದ್ದೀನಿ. ಮಾಲೀಕತ್ವ ಎಲ್ಲಿ ಹೋಯ್ತು? ಅದನ್ನ ಹುಡುಕ್ಕೊಂಡು ಹೋದ್ರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗ್ಬೇಕಾಗುತ್ತೆ, ಅದೂ ಒಂದು ಪುಸ್ತಕದ ಅಂಗಡಿಗೆ.

ಅಮೆರಿಕದಲ್ಲಿ ಬಾಬ್ಸ್-ಮೆರಿಲ್ ಅಂತ ಒಂದು ಪ್ರಕಾಶನ ಸಂಸ್ಥೆ. ಅವರು ‘ದಿ ಕ್ಯಾಸ್ಟ್‌ಅವೇ’ ಅನ್ನೋ ಕಾದಂಬರಿ ತಂದ್ರು. ಅದರ ಒಳಪುಟದಲ್ಲಿ ಒಂದು ನೋಟಿಸ್ ಅಚ್ಚು ಹಾಕಿದ್ರು: ಈ ಪುಸ್ತಕದ ಬೆಲೆ 1 ಡಾಲರ್, ಅದಕ್ಕಿಂತ ಕಡಿಮೆಗೆ ಮಾರೋಕೆ ಯಾರಿಗೂ ಲೈಸೆನ್ಸ್ ಇಲ್ಲ, ಮಾರಿದ್ರೆ ಕಾಪಿರೈಟ್ ಉಲ್ಲಂಘನೆ. ನ್ಯೂಯಾರ್ಕ್‌ನ ಮೇಸೀಸ್ ಅಂಗಡಿಯವರು ಅದಕ್ಕೆ ಸೊಪ್ಪು ಹಾಕದೆ 89 ಸೆಂಟ್‌ಗೆ ಮಾರಿದ್ರು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1908ರಲ್ಲಿ ಮೇಸೀಸ್ ಮಾಲೀಕರಾದ ಸ್ಟ್ರಾಸ್ ಸಹೋದರರು ಗೆದ್ರು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಒಂದು ಪ್ರತಿಯನ್ನ ಒಮ್ಮೆ ಮಾರಿದ ಮೇಲೆ ಆ ಪ್ರತಿಯನ್ನ ಮುಂದೆ ಯಾರಿಗೆ, ಎಷ್ಟಕ್ಕೆ ಮಾರ್ಬೇಕು ಅಂತ ಹೇಳೋ ಹಕ್ಕು ಕಾಪಿರೈಟ್ ಇದ್ದವನಿಗೂ ಇಲ್ಲ.

ನಮ್ಮ ಬೆಂಗಳೂರಿನ ಅವೆನ್ಯೂ ರೋಡ್ ನೆನಪು ಮಾಡ್ಕೊಳ್ಳಿ. ಸೆಮಿಸ್ಟರ್ ಮುಗಿದ ತಕ್ಷಣ ಪುಸ್ತಕದ ಕಟ್ಟು ಹೊತ್ಕೊಂಡು ಹೋಗಿ ಮಾರ್ತೀವಿ. ಮುಂದಿನ ವರ್ಷ ಅದೇ ಪುಸ್ತಕವನ್ನ, ನಾವು ಹಾಕಿದ ಪೆನ್ಸಿಲ್ ಗೆರೆ ಸಮೇತ, ಇನ್ಯಾರೋ ಕೊಳ್ತಾರೆ. ಪ್ರಕಾಶಕರು ಬಂದು ತಡೆಯಲ್ಲ. ಕೊಂಡ ಪ್ರತಿ ಕೊಂಡವನದು. ನಮ್ಮ ಮಾವನ ಮಗನ ಡಬ್ಬ ನನಗೆ ಬಂದಿದ್ದೂ ಇದೇ ನ್ಯಾಯದಲ್ಲಿ.

ಈಗ ಗೇಮ್‌ಗೆ ಬರೋಣ. ಡೌನ್‌ಲೋಡ್ ಅನ್ನೋದು ನಮ್ಮ ಕಾಲದ್ದು ಅಂದ್ಕೊಂಡಿದ್ದೀರಾ? 1983ರಲ್ಲೇ ಅಟಾರಿ 2600ಗೆ ‘ಗೇಮ್‌ಲೈನ್’ ಅಂತ ಒಂದು ಸೇವೆ ಬಂದಿತ್ತು. ಕಾರ್ಟ್ರಿಜ್ ಥರದ ಮೋಡೆಮ್ಮನ್ನ ಕನ್ಸೋಲ್‌ಗೆ ಸಿಕ್ಕಿಸಿ, ಫೋನ್ ಲೈನ್ ಮೂಲಕ ಗೇಮ್ ಇಳಿಸ್ಕೊಳ್ಳೋದು. ಆದ್ರೆ ಇಳಿಸ್ಕೊಂಡ ಗೇಮನ್ನ ಲೆಕ್ಕ ಹಾಕಿ ಇಷ್ಟೇ ಸಲ ಆಡ್ಬೇಕು. ಮುಗೀತಾ? ಮತ್ತೆ ಫೋನ್ ಹಚ್ಚಿ, ಮತ್ತೆ ದುಡ್ಡು ಕೊಡಿ. ಆ ಸೇವೆ ಬೇಗ ಮುಳುಗಿತು. ಅದನ್ನ ನಡೆಸ್ತಿದ್ದ ಕಂಪನಿಯ ಅವಶೇಷದಿಂದಲೇ ಮುಂದೆ ಎಒಎಲ್ ಹುಟ್ಟಿತು. ಗಮನಿಸಿ, ಗೇಮ್ ಡೌನ್‌ಲೋಡ್ ಹುಟ್ಟಿದಾಗಲೇ ನಿರ್ಬಂಧನೂ ಅದರ ಜೊತೆಗೇ ಹುಟ್ಟಿದೆ.

ಅದೇ ದಶಕದಲ್ಲಿ ಫ್ಲಾಪಿ ಗೇಮ್‌ಗಳಿಗೆ ಬೇರೆ ಬೀಗ ಇತ್ತು. ಕೈಪಿಡಿಯ ಇಷ್ಟನೇ ಪುಟದ ಇಷ್ಟನೇ ಪದ ಟೈಪ್ ಮಾಡು, ರಟ್ಟಿನ ಚಕ್ರ ತಿರುಗಿಸಿ ಸಂಖ್ಯೆ ಹೇಳು ಅಂತೆಲ್ಲ ಗೇಮ್ ಕೇಳ್ತಿತ್ತು. ಕಿರಿಕಿರಿನೇ. ಆದ್ರೆ ಆ ಬೀಗದ ಕೀಲಿಕೈ ನಮ್ಮ ಮನೆಯಲ್ಲೇ ಇರ್ತಿತ್ತು. ಫ್ಲಾಪಿ ಮತ್ತು ಕೈಪಿಡಿ ಎರಡನ್ನೂ ಗೆಳೆಯನಿಗೆ ಕೊಟ್ರೆ ಗೇಮ್ ಅವನದು.

ಕಾನೂನಿನ ತಿರುವು ಬಂದಿದ್ದು 1996ರಲ್ಲಿ. ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯದ ಮುಂದೆ ಪ್ರೊಸಿಡಿ ಅನ್ನೋ ಕಂಪನಿಯ ಕೇಸ್ ಬಂತು. ಸಿ.ಡಿ.ಯಲ್ಲಿ ಫೋನ್ ನಂಬರ್‌ಗಳ ಡೇಟಾಬೇಸ್ ಮಾರ್ತಿದ್ದ ಕಂಪನಿ ಅದು. ಡಬ್ಬದ ಒಳಗೆ ಷರತ್ತುಗಳಿದ್ವು. ಡಬ್ಬ ಒಡೆದು ಬಳಸಿದ್ರೆ ಒಪ್ಪಿದ ಹಾಗೆ. ಆ ಷರತ್ತುಗಳಿಗೆ ಗ್ರಾಹಕ ಬದ್ಧ ಅಂತ ಕೋರ್ಟ್ ಹೇಳಿತು. 1908ರಲ್ಲಿ ಪುಸ್ತಕದ ಒಳಪುಟದ ನೋಟಿಸ್ ನಡೀಲಿಲ್ಲ. 1996ರಲ್ಲಿ ಡಬ್ಬದೊಳಗಿನ ನೋಟಿಸ್ ನಡೀತು. ಕಾರಣ, ಈ ಸಲ ಅದು ಬರೀ ನೋಟಿಸ್ ಅಲ್ಲ, ಒಪ್ಪಂದ. ‘ಐ ಅಗ್ರೀ’ ಅಂತ ನಾವು ಕಣ್ಣು ಮುಚ್ಚಿ ಒತ್ತೋ ಬಟನ್‌ಗೆ ಬಲ ಬಂದಿದ್ದು ಇಂಥ ತೀರ್ಪುಗಳಿಂದ.

2003ರ ಸೆಪ್ಟೆಂಬರ್‌ನಲ್ಲಿ ವಾಲ್ವ್ ಕಂಪನಿ ಸ್ಟೀಮ್ ಶುರು ಮಾಡಿತು. ಮರುವರ್ಷ ನವೆಂಬರ್‌ನಲ್ಲಿ ‘ಹಾಫ್-ಲೈಫ್ 2’ ಬಂತು. ಅಂಗಡಿಯಲ್ಲಿ ಡಿಸ್ಕ್ ಕೊಂಡವರೂ ಸ್ಟೀಮ್ ಅಕೌಂಟ್ ತೆರೆದು ಇಂಟರ್ನೆಟ್‌ನಲ್ಲಿ ಆ್ಯಕ್ಟಿವೇಟ್ ಮಾಡ್ಲೇಬೇಕಿತ್ತು. ಡಿಸ್ಕ್ ನಮ್ಮ ಕೈಯಲ್ಲಿ, ಕೀಲಿಕೈ ಅವರ ಸರ್ವರ್‌ನಲ್ಲಿ. ಜನ ಬೈದ್ರು. ಆಮೇಲೆ ಅಭ್ಯಾಸ ಆಯ್ತು.

2008ರಲ್ಲಿ ‘ಸ್ಪೋರ್’ ಗೇಮನ್ನ 3 ಕಂಪ್ಯೂಟರ್‌ನಲ್ಲಿ ಮಾತ್ರ ಆ್ಯಕ್ಟಿವೇಟ್ ಮಾಡ್ಬಹುದು ಅಂದಾಗ ಅಮೆಜಾನ್‌ನಲ್ಲಿ ಒಂದು ಸ್ಟಾರ್ ರಿವ್ಯೂಗಳ ಮಳೆಯೇ ಸುರೀತು; ಇಎ ಕಂಪನಿ ಮಿತಿಯನ್ನ 5ಕ್ಕೆ ಏರಿಸಿತು. 2013ರಲ್ಲಿ ಮೈಕ್ರೋಸಾಫ್ಟ್ ಹೊಸ ಎಕ್ಸ್‌ಬಾಕ್ಸ್ ಒನ್‌ಗೆ ಎರಡು ನಿಯಮ ಹೇಳಿತು: 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಕನೆಕ್ಟ್ ಆಗ್ಬೇಕು, ಹಳೇ ಗೇಮ್ ಮಾರೋದಕ್ಕೂ ಕೊಡೋದಕ್ಕೂ ಷರತ್ತು. ಆಗ ಸೋನಿಯವರು ಒಂದು ಪುಟ್ಟ ವಿಡಿಯೊ ಬಿಟ್ರು. ನಮ್ಮ ಪ್ಲೇಸ್ಟೇಷನ್‌ನಲ್ಲಿ ಗೇಮ್ ಹಂಚ್ಕೊಳ್ಳೋದು ಹೇಗೆ? ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡ್ತಾನೆ. ವಿಡಿಯೊ ಮುಗೀತು. ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ತನ್ನ ನಿಯಮ ವಾಪಸ್ ತಗೊಂಡಿತು.

ಆಟಗಾರರು ಗೆದ್ರು, ಅಲ್ವಾ? ಇಲ್ಲೇ ನನಗೆ ಈ ಕಥೆಯ ಮುಳ್ಳು ಕಾಣೋದು. ಗಲಾಟೆ ಮಾಡಿ ಉಳಿಸ್ಕೊಂಡ ಡಿಸ್ಕನ್ನ ನಾವೇ ಆಮೇಲೆ ಸದ್ದಿಲ್ಲದೆ ಬಿಟ್ವಿ. ಯಾಕೆ? ಸೇಲ್‌ನಲ್ಲಿ ಅರ್ಧಕ್ಕೂ ಕಡಿಮೆ ಬೆಲೆ, ಗೀರು ಬೀಳಲ್ಲ, ಕಂಪ್ಯೂಟರ್ ಕೆಟ್ರೆ ಮತ್ತೆ ಇಳಿಸ್ಕೊಳ್ಬಹುದು. ಇಬ್ಬರು ಮೂವರು ಸೇರಿ ಮಾಡಿದ ಸಣ್ಣ ಗೇಮ್‌ಗಳು ನಮ್ಮವರೆಗೂ ತಲುಪಿದ್ದೂ ಡೌನ್‌ಲೋಡ್‌ನಿಂದಲೇ. ಈ ಲಾಭ ಸುಳ್ಳಲ್ಲ. ಹಕ್ಕನ್ನ ಯಾರೂ ಕಿತ್ಕೊಳ್ಳಲಿಲ್ಲ. ನಾವೇ ಅನುಕೂಲಕ್ಕೆ ಅಡ ಇಟ್ವಿ.

ಅಡ ಇಟ್ಟಿದ್ದಕ್ಕೆ ಬಡ್ಡಿ ಕಟ್ಟೋ ದಿನ 2024ರಲ್ಲಿ ಬಂತು. ಯುಬಿಸಾಫ್ಟ್‌ನ ‘ದಿ ಕ್ರೂ’, 2014ರ ಕಾರ್ ರೇಸ್ ಗೇಮ್. ಒಬ್ಬರೇ ಆಡಿದ್ರೂ ಸರ್ವರ್ ಬೇಕು. ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಡಿಸ್ಕ್ ಇದ್ದವರಿಗೂ ಗೇಮ್ ನಿಂತಿತು. ಅಷ್ಟಕ್ಕೇ ಮುಗೀಲಿಲ್ಲ, ಕೊಂಡವರ ಲೈಬ್ರರಿಯಿಂದ ಲೈಸೆನ್ಸನ್ನೇ ತೆಗೆದ್ರು. ಅದೇ ಏಪ್ರಿಲ್‌ನಲ್ಲಿ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಅಭಿಯಾನ ಶುರು ಮಾಡಿದ್ರು. ಅವರ ಬೇಡಿಕೆ ಸರಳ: ಸರ್ವರ್ ಶಾಶ್ವತವಾಗಿ ನಡೆಸಿ ಅಂತಲ್ಲ, ನಿಲ್ಲಿಸುವಾಗ ಗೇಮನ್ನ ಆಡೋ ಸ್ಥಿತಿಯಲ್ಲಿ ಬಿಟ್ಟು ಹೋಗಿ. 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಈ ಬೇಡಿಕೆಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ವು.

ಇತ್ತ ಕ್ಯಾಲಿಫೋರ್ನಿಯಾ ಆ ಪದಕ್ಕೇ ಕೈ ಹಾಕಿತು. 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಕೊಡ್ತಿರೋದು ಲೈಸೆನ್ಸ್ ಮಾತ್ರ ಆಗಿದ್ರೆ ಅದನ್ನ ಸ್ಪಷ್ಟವಾಗಿ ತಿಳಿಸದೆ ‘ಬೈ’, ‘ಪರ್ಚೇಸ್’ ಅಂತ ಬರೆಯೋ ಹಾಗಿಲ್ಲ. ಇಂಟರ್ನೆಟ್ ಇಲ್ಲದೆಯೂ ಬಳಸೋ ಹಾಗೆ ಶಾಶ್ವತವಾಗಿ ಇಳಿಸ್ಕೊಳ್ಳೋಕೆ ಬಿಡೋರಿಗೆ ವಿನಾಯಿತಿ ಇದೆ. ಸ್ಟೀಮ್ 2024ರ ಅಕ್ಟೋಬರ್‌ನಲ್ಲೇ ಕಾರ್ಟ್ ಪುಟದಲ್ಲಿ ಒಂದು ಸಾಲು ಹಾಕಿತು: ನಿಮಗೆ ಸಿಗೋದು ಲೈಸೆನ್ಸ್. ಈ ಕಾನೂನು ನಮಗೆ ಮಾಲೀಕತ್ವ ಕೊಡಲಿಲ್ಲ. ಸುಳ್ಳು ಹೇಳೋದನ್ನ ನಿಲ್ಲಿಸಿತು, ಅಷ್ಟೇ.

ಮಾಲೀಕತ್ವವನ್ನೇ ಕೇಳಿದವರೂ ಇದ್ದಾರೆ. ಫ್ರಾನ್ಸಿನ ಗ್ರಾಹಕ ಸಂಘಟನೆ ಯುಎಫ್‌ಸಿ-ಕ್ಯು ಶ್ವಾಸೀರ್ ವಾಲ್ವ್ ಮೇಲೆ ಕೇಸ್ ಹಾಕಿ, ಸ್ಟೀಮ್ ಗೇಮ್‌ಗಳನ್ನ ಮರುಮಾರಾಟ ಮಾಡೋ ಹಕ್ಕು ಕೇಳಿತು. 2019ರಲ್ಲಿ ಗೆದ್ದಿತು. 2022ರಲ್ಲಿ ಮೇಲ್ಮನವಿಯಲ್ಲಿ ಸೋತಿತು.

ಇನ್ನು ನಮ್ಮ ಊರಿನ ಮಾತು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಬ್ಯಾನ್ ಆಯ್ತು, ಅಕ್ಟೋಬರ್ 30ಕ್ಕೆ ಭಾರತದಲ್ಲಿ ಸರ್ವರ್ ನಿಂತಿತು. ಪಾಕೆಟ್ ಮನಿ ಉಳಿಸಿ ಯುಸಿ ಕೊಂಡು ಸ್ಕಿನ್ ಹಾಕ್ಕೊಂಡಿದ್ದ ಎಷ್ಟು ಜನ ಇದನ್ನ ಕೇಳ್ತಿದ್ದೀರಿ? ಮರುವರ್ಷ ಬಿಜಿಎಂಐ ಬಂದಾಗ ಹಳೇ ಡೇಟಾ ವರ್ಗಾಯಿಸೋ ಅವಕಾಶ ಸಿಕ್ತು. ಅದು ಅವರು ಕೊಟ್ಟ ಅವಕಾಶ, ನಾವು ಪಡೆದ ಹಕ್ಕಲ್ಲ. 2022ರ ಜುಲೈನಲ್ಲಿ ಆ ಗೇಮೂ ಸ್ಟೋರ್‌ಗಳಿಂದ ಮಾಯವಾಗಿ, 2023ರ ಮೇನಲ್ಲಿ ಮತ್ತೆ ಬಂತು.

ಬೆಂಗಳೂರಲ್ಲಿ ಮನೆಯನ್ನ ಭೋಗ್ಯಕ್ಕೆ ಹಾಕ್ಕೊಳ್ತೀವಲ್ಲ, ಖಾಲಿ ಮಾಡುವಾಗ ಕೊಟ್ಟ ದುಡ್ಡು ವಾಪಸ್ ಬರುತ್ತೆ. ಗೇಮ್ ಲೈಸೆನ್ಸ್‌ನಲ್ಲಿ ಮನೆನೂ ಖಾಲಿ, ದುಡ್ಡೂ ಖಾಲಿ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ ಅನ್ನೋ ವ್ಯಾಖ್ಯೆ ಇದೆ. ಸರಿಯಾದ ಕಾರಣ ಇಲ್ಲದೆ ಒಂದೇ ಕಡೆಯವರು ಒಪ್ಪಂದ ರದ್ದು ಮಾಡೋ ಷರತ್ತು ಅದರಲ್ಲಿ ಬರುತ್ತೆ. ಗೇಮ್ ಆಡೋರು ಓದಿಟ್ಕೊಳ್ಬೇಕಾದ ಸಾಲು ಅದು.

ಹಾಗಾದ್ರೆ ಡೌನ್‌ಲೋಡ್ ಬಿಟ್ಬಿಡ್ಬೇಕಾ? ನಾನಂತೂ ಬಿಡಲ್ಲ. ಆದ್ರೆ ಈಗ ಬಟನ್ ಒತ್ತೋ ಮುಂಚೆ ನಾಲ್ಕು ವಿಷಯ ನೋಡ್ತೀನಿ. ಒಂದು, ಒಬ್ಬನೇ ಆಡೋಕೂ ಇಂಟರ್ನೆಟ್ ಬೇಕಾ? ಬೇಕು ಅಂದ್ರೆ ಆ ಗೇಮ್‌ಗೆ ಆಯಸ್ಸು ಬರೆದಿಟ್ಟಿದೆ ಅಂತ ಲೆಕ್ಕ. ಅದಕ್ಕೆ ಪೂರ್ತಿ ಬೆಲೆ ಕೊಡಲ್ಲ. ಎರಡು, ಅದೇ ಗೇಮ್ ಜಿಒಜಿ ಥರದ ಕಡೆ ಆಫ್‌ಲೈನ್ ಇನ್‌ಸ್ಟಾಲರ್ ಜೊತೆ ಸಿಗುತ್ತಾ? ಸಿಕ್ಕಿದ್ರೆ ಅಲ್ಲೇ ಕೊಂಡು ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ ಇಡ್ತೀನಿ. ಮೂರು, ರೀಫಂಡ್ ನಿಯಮ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳ್ಬಹುದು. ನಾಲ್ಕು, ಡಬ್ಬ ಕಂಡ ತಕ್ಷಣ ನಂಬಲ್ಲ. ಒಳಗೆ ಬರೀ ಕೋಡ್ ಇರೋ ಡಬ್ಬಗಳೂ ಉಂಟು.

ಕೊನೆಗೆ ತಂಗಿಗೆ ಏನು ಕೊಟ್ಟೆ ಅಂತ ಕೇಳ್ತೀರಾ? ಅಟ್ಟದ ಮೇಲಿಂದ ಆ ಹಳೇ ರಟ್ಟಿನ ಡಬ್ಬ ಇಳಿಸಿದೆ. ಹಳೇ ಕನ್ಸೋಲ್ ಧೂಳು ಒರೆಸಿ ಹಚ್ಚಿದ್ವಿ. ಮೂರು ಡಿಸ್ಕ್ ಓಡಲಿಲ್ಲ, ಉಳಿದಿದ್ದೆಲ್ಲ ಓಡಿದ್ವು. ಹೊರಡುವಾಗ ಡಬ್ಬನ ಅವಳ ಕೈಗಿಟ್ಟು ಅದೇ ಮಾತು ಹೇಳಿದೆ, "ಗೀರು ಬೀಳಿಸ್ಬೇಡ ಕಣೇ."

ನನ್ನ 43 ಗೇಮ್ ನನ್ನ ಅಕೌಂಟಲ್ಲೇ ಇವೆ. ಇರೋವರೆಗೂ ಆಡ್ತೀನಿ. ನಿಮ್ಮ ಅಕೌಂಟಲ್ಲಿ ಎಷ್ಟಿವೆ, ಅದರಲ್ಲಿ ಇನ್ನೊಬ್ಬರ ಕೈಗಿಡೋಕೆ ಆಗೋದು ಎಷ್ಟು, ಇವತ್ತು ರಾತ್ರಿ ಒಂದ್ಸಲ ತೆಗೆದು ಎಣಿಸಿ ನೋಡಿ.