ನೆಲಮಾಳಿಗೆಗೆ ಸೋರಿದ ಎಣ್ಣೆ: ರಿಪೇರಿ ಯಾವುದು, ಸುಧಾರಣೆ ಯಾವುದು?

ಕೆಲಸ ಪುಣೆಯಲ್ಲೋ ಹೈದರಾಬಾದಿನಲ್ಲೋ, ಬಾಡಿಗೆಗೆ ಕೊಟ್ಟ ಫ್ಲ್ಯಾಟ್ ಬೆಂಗಳೂರಿನಲ್ಲಿ. ನಮ್ಮಲ್ಲಿ ಎಷ್ಟೋ ಜನರ ಕಥೆ ಇದು. ಗೋಡೆ ಸೋರಿದರೆ ವಾಟರ್‌ಪ್ರೂಫಿಂಗ್‌ಗೆ ದುಡ್ಡು ಕೊಡ್ತೀವಿ. ಅದು ರಿಪೇರಿಯೋ, ಸುಧಾರಣೆಯೋ? ಈ ಪ್ರಶ್ನೆಯನ್ನು ಚೆನ್ನಾಗಿ ಬಿಡಿಸಿದ ಒಂದು ಹಳೆಯ ಕೇಸು ನನಗೆ ಬಹಳ ಇಷ್ಟ. ಅಲ್ಲಿಂದಲೇ ಶುರು ಮಾಡೋಣ.

ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರಲ್ಲಿ ಮಿಡ್‌ಲ್ಯಾಂಡ್ ಎಂಪೈರ್ ಎಂಬ ಮಾಂಸ ಸಂಸ್ಕರಣೆಯ ಕಂಪನಿ ಇತ್ತು. ಅದರ ನೆಲಮಾಳಿಗೆಯಲ್ಲಿ ಸುಮಾರು 25 ವರ್ಷಗಳಿಂದ ಹಂದಿಮಾಂಸ ಹದಮಾಡುತ್ತಿದ್ದರು. ಆಗಾಗ ನೀರು ಜಿನುಗುತ್ತಿತ್ತು, ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಆದರೆ 1943ರ ಹೊತ್ತಿಗೆ ಪಕ್ಕದ ತೈಲ ಶುದ್ಧೀಕರಣ ಘಟಕದ ಎಣ್ಣೆ ನೆಲದೊಳಗಿಂದ ಸೋರಿ ಬಂತು. ಎಣ್ಣೆ ತಡೆಯಿರಿ, ಇಲ್ಲವೇ ಆ ಜಾಗದ ಬಳಕೆ ನಿಲ್ಲಿಸಿ ಅಂದರು ಸರ್ಕಾರಿ ಮಾಂಸ ತಪಾಸಣೆಯವರು. ಕಂಪನಿ ಗೋಡೆ, ನೆಲಕ್ಕೆ ಕಾಂಕ್ರೀಟ್ ಪದರ ಹಾಕಿಸಿತು. ಖರ್ಚು 4,868 ಡಾಲರ್ ಚಿಲ್ಲರೆ.

ಇದು ರಿಪೇರಿ, ಅದೇ ವರ್ಷ ಆದಾಯದಿಂದ ಕಳೆಯುತ್ತೇವೆ ಅಂತ ಕಂಪನಿ. ಇಲ್ಲ, ಇದು ಬಂಡವಾಳ ವೆಚ್ಚ ಅಂತ ತೆರಿಗೆ ಇಲಾಖೆ. 1950ರಲ್ಲಿ ತೆರಿಗೆ ನ್ಯಾಯಾಲಯ ಕಂಪನಿಯ ಮಾತು ಒಪ್ಪಿತು. ಕಾಂಕ್ರೀಟ್‌ನಿಂದ ನೀರೂ ನಿಂತಿತು, ನಿಜ. ಆದರೆ ನೀರು ಅವರಿಗೆ ತೊಂದರೆಯೇ ಆಗಿರಲಿಲ್ಲ. ಎಣ್ಣೆ ಬರುವ ಮೊದಲು ಇದ್ದದ್ದಕ್ಕಿಂತ ನೆಲಮಾಳಿಗೆಯ ಬೆಲೆಯಾಗಲಿ ಬಾಳಿಕೆಯಾಗಲಿ ಹೆಚ್ಚಲಿಲ್ಲ.

ಐದು ವರ್ಷದ ನಂತರ, 1955ರಲ್ಲಿ, ಅದೇ ನ್ಯಾಯಾಲಯ ಬೇರೆ ತೀರ್ಪು ಕೊಟ್ಟಿತು. ಮಿಶಿಗನ್‌ನ ಮೌಂಟ್ ಮಾರಿಸ್ ಡ್ರೈವ್-ಇನ್ ಥಿಯೇಟರ್ ಕಟ್ಟಿದ ಮೇಲೆ ಮಳೆನೀರು ಪಕ್ಕದವರ ಜಮೀನಿಗೆ ಹರಿಯಿತು, ಅವರು ಕೋರ್ಟಿಗೆ ಹೋದರು. ಕೊನೆಗೆ ಥಿಯೇಟರ್‌ನವರು 8,224 ಡಾಲರ್ ಕೊಟ್ಟು ಚರಂಡಿ ವ್ಯವಸ್ಥೆ ಮಾಡಿಸಿದರು. ಕಟ್ಟುವಾಗಲೇ ಇದು ಬೇಕಾಗುತ್ತದೆ ಅಂತ ಗೊತ್ತಾಗುವ ಹಾಗಿತ್ತು, ಹಾಗಾಗಿ ಇದು ಬಂಡವಾಳ ವೆಚ್ಚವೇ ಅಂದಿತು ನ್ಯಾಯಾಲಯ. ಎರಡೂ ಕೇಸಿನಲ್ಲಿ ನೀರೇ ಇದೆ. ಒಂದರಲ್ಲಿ ಇದ್ದದ್ದನ್ನು ಉಳಿಸಿಕೊಂಡರು, ಇನ್ನೊಂದರಲ್ಲಿ ಮೊದಲೇ ಇರಬೇಕಾಗಿದ್ದನ್ನು ಆಮೇಲೆ ಸೇರಿಸಿದರು.

ನಮ್ಮ ದೇಶದಲ್ಲೂ ಇದೇ ಜಗಳ. 1956ರಲ್ಲಿ ನ್ಯೂ ಶೋರಾಕ್ ಮಿಲ್ ಕೇಸಿನಲ್ಲಿ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಒಂದು ಅಳತೆಗೋಲು ಕೊಟ್ಟರು: ಖರ್ಚು ಇರುವ ಆಸ್ತಿಯನ್ನು ಕಾಪಾಡಲು ಇರಬೇಕು, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರಲು ಅಲ್ಲ. 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಗೋಲು ಹಿಡಿಯಿತು. ಥಿಯೇಟರ್‌ಗೆ ಹೊಸ ಯಂತ್ರ, ಹೊಸ ಪೀಠೋಪಕರಣ, ಹೊಸ ವೈರಿಂಗ್ ಎಲ್ಲ ಹಾಕಿಸಿದ್ದು ರಿಪೇರಿ ಅಲ್ಲ, ಪೂರ್ತಿ ನವೀಕರಣ ಅಂದಿತು.

ಇವೆಲ್ಲ ವ್ಯಾಪಾರದ ಕಟ್ಟಡಗಳ ಮಾತಾಯಿತು. ನಮ್ಮ ಬಾಡಿಗೆ ಫ್ಲ್ಯಾಟಿನ ದಾರಿ ಬೇರೆ. ಅಲ್ಲಿ ರಿಪೇರಿ ಬಿಲ್ ಯಾರೂ ಕೇಳಲ್ಲ. ಕಟ್ಟಿದ ಮುನಿಸಿಪಲ್ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ರಷ್ಟನ್ನು, ನೀವು ಖರ್ಚು ಮಾಡಿ ಬಿಡಿ, ಕಾನೂನೇ ಬಿಟ್ಟುಕೊಡುತ್ತದೆ. ಸೋರುವ ಗೋಡೆಯ ವಾಟರ್‌ಪ್ರೂಫಿಂಗ್ ಅದರಲ್ಲೇ ಮುಗಿಯಿತು. ಆದರೆ ಹೊಸ ಕೋಣೆ ಸೇರಿಸಿದರೆ, ಅದು ಮನೆ ಮಾರುವಾಗ ಸುಧಾರಣೆಯ ವೆಚ್ಚವಾಗಿ ಲಾಭದಿಂದ ಕಳೆಯಬಹುದಾದ ಖರ್ಚು. ಹತ್ತು ವರ್ಷದ ಮೇಲೆ ಅದನ್ನು ಕೇಳಬೇಕಾದರೆ ಬಿಲ್ ಬೇಕೇ ಬೇಕು.

ಹಾಗಾಗಿ ಕಾಂಟ್ರಾಕ್ಟರ್ ಎರಡೂ ಕೆಲಸ ಒಟ್ಟಿಗೆ ಮಾಡಿದರೆ, ಬಿಲ್ ಎರಡಾಗಿ ಬರೆಸಿ. ಕೆಲಸಕ್ಕೆ ಮೊದಲು ಗೋಡೆ ಹೇಗಿತ್ತು ಅಂತ ಫೋಟೋ ತೆಗೆದಿಡಿ. ಬಿಲ್ಲಿನ ಮೇಲೆ ಯಾವ ಹೆಸರು ಬರೆದಿದೆ ಅನ್ನೋದಕ್ಕಿಂತ, ತೊಂದರೆ ಬರುವ ಮೊದಲು ಕಟ್ಟಡ ಹೇಗಿತ್ತು, ಈಗ ಹೇಗಿದೆ ಅನ್ನೋದೇ ಮುಖ್ಯ. ಬಿಲ್ಲಿಂಗ್ಸ್‌ನ ನೆಲಮಾಳಿಗೆ ಗೆದ್ದದ್ದೂ ಅದರಿಂದಲೇ.